ಕಾಪುವಿನಲ್ಲಿ ಒಂದು ಸಂಧಾನ

ತಾಳಮದ್ದಳೆಯ ನಡುವೆ ಕರೆಂಟು ಹೋಗಬಹುದಿತ್ತು. ಭಾಗವತರ ಗಂಟಲು ಕೈಕೊಡಬಹುದಿತ್ತು. ಮಣಿಪಾಲದಿಂದ ಕಾಪುವಿಗೆ ಹೋಗುವ ನನ್ನ ಬಸ್ಸಿಗೆ ಯಾರಾದರೂ ಕಲ್ಲು ಹೊಡೆಯಬಹುದಿತ್ತು. ಪೊಲೀಸರು ಕೊನೆಗಳಿಗೆಯಲ್ಲಿ ಅನುಮತಿ ಇಲ್ಲವೆನ್ನಬಹುದಿತ್ತು. ಸಭೆಯ ಹಿಂದೆ ನಿಲ್ಲುವ ಹುಡುಗರ ಬೊಬ್ಬೆ ರಸ್ತೆಗೆ ಇಳಿಯಬಹುದಿತ್ತು, ಮೈಕು ಹಾಕುವ ಕಾಕನ ಮೈಮೇಲೆ ಕೈ ಬೀಳಬಹುದಿತ್ತು. ಅದೆಲ್ಲಕ್ಕೂ ನನ್ನ ಬಾಯಿಂದ ಬಿದ್ದ ಒಂದು ಮಾತೇ ಕಾರಣವಾಗಬಹುದಿತ್ತು. ಈ ಕೊನೆಯದನ್ನು ನೆನೆದು ನನಗೆ ನಿದ್ದೆ ಬರಲಿಲ್ಲ. ಹೆಂಡತಿ ಮಾತ್ರ, "ನಿಮ್ಮ ಮಾತಿಗೆ ಜನ ಏಳುವುದು ಚಾ ಕುಡೀಲಿಕ್ಕೆ, ಗಲಾಟೆಗೆ ಅಲ್ಲ" ಎಂದು ಧೈರ್ಯ ಹೇಳಿದಳು.

ತೊಂಬತ್ತರ ದಶಕದ ಕೊನೆ. ಮಣಿಪಾಲದಲ್ಲಿ ಗುಮಾಸ್ತನಾಗಿದ್ದ ನಾನು ರಜೆಯ ದಿನಗಳಲ್ಲಿ ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ನಾವು ಪಂಚೆ-ಶಾಲಿನಲ್ಲಿ ಕುಳಿತಲ್ಲೇ ಪಾತ್ರವಾಗಿ ಮಾತು ಕಟ್ಟುತ್ತೇವೆ. ಕಥೆ ಎಲ್ಲರಿಗೂ ಗೊತ್ತು, ಮಾತು ಯಾರಿಗೂ ಗೊತ್ತಿಲ್ಲ. ಆ ವರ್ಷದ ಪ್ರಸಂಗ ಯುದ್ಧಕ್ಕೆ ಮುಂಚಿನ ಸಂಧಾನ. ನಾನು ಶಾಂತಿ ಕೇಳಲು ಬಂದ ದೂತ. ಯುದ್ಧವೇ ಬೇಕೆನ್ನುವ ರಾಜನಾಗಿ ಕಾರ್ಕಳದ ಒಬ್ಬ ನಿವೃತ್ತ ಮೇಷ್ಟ್ರು. ಕಥೆಯ ಪ್ರಕಾರ ಸಂಧಾನ ಮುರಿಯಲೇಬೇಕು. ಅಂದರೆ ಶಾಂತಿ ಸೋಲಬೇಕು, ಜನ ಚಪ್ಪಾಳೆ ತಟ್ಟಬೇಕು.

ಬೇರೆ ವರ್ಷವಾಗಿದ್ದರೆ ಅಡ್ಡಿಯಿರಲಿಲ್ಲ. ಹಿಂದಿನ ವಾರವಷ್ಟೇ ಹೆದ್ದಾರಿಯಲ್ಲಿ ಎರಡು ಕೋಮಿನ ಹುಡುಗರ ಜಗಳ ಕಲ್ಲುತೂರಾಟವಾಗಿ, ಉಚ್ಚಿಲದಲ್ಲಿದ್ದ ಕಾಕನ ಅಂಗಡಿಯ ಶಟರ್ ಜಜ್ಜಿಹೋಗಿತ್ತು. ಕಾಕ ಬ್ಯಾರಿ ಮುಸ್ಲಿಂ ಮುದುಕ. ನಮ್ಮ ತಾಳಮದ್ದಳೆಗೆ ಮೊದಲಿನಿಂದಲೂ ಅವರದೇ ಮೈಕು. ಈ ಸಲ ಬಾರದಿದ್ದರೇ ಅವರಿಗೆ ಒಳ್ಳೆಯದೇನೋ ಎಂದು ಫೋನು ಮಾಡಿದೆ.

"ಕಾಕ, ಈ ಸಲ ನಿಮಗೆ ಏನಾದ್ರೂ ತೊಂದರೆ ಉಂಟಾ ಅಂತ..."

"ಎಂತ ತೊಂದರೆ? ಯಾರಾದ್ರೂ ಬೇಡ ಹೇಳಿದ್ರಾ?"

"ಇಲ್ಲ, ಯಾರೂ ಹೇಳಲಿಲ್ಲ."

"ಹಾಗಾದ್ರೆ ಹೆದರಿಕೆ ನಿಮಗಾ ಮಾರಾಯ್ರೆ?"

"ಹೌದು."

"ನಿಮಗೆ ಯಾವಾಗ ಇರ್ಲಿಲ್ಲ ಹೇಳಿ! ಕಳೆದ ವರ್ಷ ಶಾಕ್ ಹೊಡೀತದೆ ಅಂತ ಮೈಕನ್ನು ಶಾಲಲ್ಲಿ ಹಿಡಿದವರು ನೀವೇ ಅಲ್ವಾ? ನಾನು ಬರ್ತೇನೆ. ಒಂದು ಖಾಲಿ ಕ್ಯಾಸೆಟ್ ತನ್ನಿ, ರೆಕಾರ್ಡ್ ಮಾಡಿ ಕೊಡ್ತೇನೆ."

ಬಂದರು. ಕತ್ತಲಾಗುವ ಮುಂಚೆ ಮುಗಿಸಿ ಎಂದು ಪೊಲೀಸರು ಹೇಳಿದ್ದರಿಂದ ಮಧ್ಯಾಹ್ನವೇ ಆರಂಭ. ಕಾಕ ವೇದಿಕೆಯ ಪಕ್ಕದ ಮೇಜಿನಲ್ಲಿ ಆಂಪ್ಲಿಫಯರ್, ಟೇಪ್ ರೆಕಾರ್ಡರ್ ಇಟ್ಟುಕೊಂಡು ಕುಳಿತರು. ಸಭೆಯ ಹಿಂದೆ, ಹಿಂದಿನ ವಾರ ಗಲಾಟೆಯ ಬೆನ್ನಿಗೆ ನಡೆದ ಮೆರವಣಿಗೆಯಲ್ಲಿ ಘೋಷಣೆ ಕೂಗಿದ ಹುಡುಗರೇ ಕೈಕಟ್ಟಿ ನಿಂತಿದ್ದರು.

ಮೇಷ್ಟ್ರು ರಾಜನಾಗಿ ಬಾಯಿ ತೆರೆದರು. "ಬಲವಿಲ್ಲದ ನ್ಯಾಯವನ್ನು ಯಾರು ಕೇಳುತ್ತಾರೆ, ದೂತ? ಹೊಡೆತ ತಿಂದವನಿಗೆ ತಾಳ್ಮೆ ಬೋಧಿಸುವವನು ಹೊಡೆದವನ ಕಡೆಯವನೇ ಅಲ್ಲವೆ?" ನನಗೂ ಅದು ನಿಜವೆನಿಸಿತು. ಹೆದರಿಕೆಯಾದದ್ದೇ ಅದಕ್ಕೆ.

ಹಿಂದಿನಿಂದ ಒಬ್ಬ ಕೂಗಿದ: "ಹಾಗೆ ಕೊಡಿ ಮೇಷ್ಟ್ರೇ! ಅವರಿಗೆ ಅದೇ ಭಾಷೆ ಅರ್ಥ ಆಗುವುದು!"

ಚಪ್ಪಾಳೆ ಬಿತ್ತು. ಕೆಲವು ತಲೆಗಳು ಮೈಕಿನ ಮೇಜಿನತ್ತ ತಿರುಗಿದವು. ಕಾಕ ತಲೆ ತಗ್ಗಿಸಿ, ಸುತ್ತಿಟ್ಟ ವಯರನ್ನೇ ಮತ್ತೆ ಸುತ್ತತೊಡಗಿದರು. ಶಾಂತಿದೂತನಾದ ನಾನು ನನ್ನಿಂದಾದದ್ದನ್ನು ಮಾಡಿದೆ: ನೀರು ಕುಡಿದೆ.

ಸಭೆಯನ್ನು ಕೆರಳಿಸಲು ಮೇಷ್ಟ್ರಿಗೆ ಆಗ ಒಂದೇ ಒಂದು ಮಾತು ಸಾಕಿತ್ತು. ಚಪ್ಪಾಳೆ ಅದಕ್ಕಾಗಿ ಕಾಯುತ್ತಿತ್ತು. ಅವರು ಸದ್ದಡಗುವವರೆಗೆ ಸುಮ್ಮನಿದ್ದು, ರಾಜನ ದರ್ಪ ಒಂದಿಷ್ಟೂ ಇಳಿಸದೆ ಹೇಳಿದರು:

"ಕೇಳಿದೆಯಾ ದೂತ? ನನ್ನ ಪ್ರಜೆ ಯುದ್ಧ ಕೇಳುತ್ತಿದ್ದಾನೆ. ಸಂತೋಷ. ಅವನನ್ನು ಮೊದಲ ಸಾಲಿನಲ್ಲಿ ನಿಲ್ಲಿಸುತ್ತೇನೆ. ನಾನೋ? ನಾನು ರಾಜ, ಹಿಂದೆ ಡೇರೆಯಲ್ಲಿರುತ್ತೇನೆ. ಅವನು ಬಿದ್ದರೆ ತಾಯಿಗೆ ತಿಳಿಸಬೇಕಲ್ಲ? ನಾನು ಹೋಗಲಾರೆ. ಅಳುವವರನ್ನು ನೋಡಿದರೆ ನನಗೆ ಊಟ ಸೇರುವುದಿಲ್ಲ. ಆಳನ್ನು ಕಳಿಸುತ್ತೇನೆ."

ಆಗ ಹೆಂಗಸರ ಸಾಲಿನಿಂದ ಆ ಕೂಗಿದ ಹುಡುಗನ ತಾಯಿಯೇ ಹಿಂದಕ್ಕೆ ತಿರುಗಿ ಗದರಿದರು: "ಕೂತ್ಕೊಳ್ತೀಯಾ ಇಲ್ವಾ ನೀನು? ಮೊದಲ ಸಾಲಂತೆ! ಬೆಳಿಗ್ಗೆ ಹಾಲು ತರ್ಲಿಕ್ಕೆ ಎದ್ದವನಲ್ಲ!"

ನಗು ಒಡೆಯಿತು. ಹುಡುಗ ಕುಳಿತ, ಅವನ ಜೊತೆಯವರೇ ಹೆಚ್ಚು ನಕ್ಕರು. ಕಾಕ ಹೆಗಲ ಬೈರಾಸಿನಿಂದ ಬಾಯಿ ಮುಚ್ಚಿಕೊಂಡರು.

ಮೇಷ್ಟ್ರು ಪಾತ್ರ ಬಿಟ್ಟು ಇಳಿಯಲಿಲ್ಲ, ಉಪದೇಶ ಮಾಡಲಿಲ್ಲ. ಯುದ್ಧದಲ್ಲಿ ರಾಜ ಎಲ್ಲಿ ನಿಲ್ಲುತ್ತಾನೆಂದು ರಾಜನ ಬಾಯಿಂದಲೇ ಹೇಳಿಸಿದರು, ಅಷ್ಟೆ. ಹಿಂಸೆ ಎಂದಾದರೂ ಸರಿಯಾದೀತೇ ಎಂಬ ಪ್ರಶ್ನೆ ನನಗೆ ಇಂದಿಗೂ ಬಗೆಹರಿದಿಲ್ಲ. ಯಾರಾದರೂ ಅದು ಸರಿ ಎಂದಾಗ, ಅವರು ಕುಳಿತದ್ದು ಎಲ್ಲಿ ಎಂದು ನೋಡುವ ಅಭ್ಯಾಸ ಮಾತ್ರ ಅಂದಿನಿಂದ ಬಂದಿದೆ. ಅದು ಮೇಷ್ಟ್ರು ಕೊಟ್ಟದ್ದು.

ಹಾಗೆಂದು ನನ್ನನ್ನೂ ಅವರು ಸುಮ್ಮನೆ ಬಿಡಲಿಲ್ಲ. ನನ್ನತ್ತ ಹೊರಳಿ ಕೇಳಿದರು: "ಸಂಧಾನಕ್ಕೆ ಬಂದವನೇ, ನಿನ್ನವರೂ ಸೈನ್ಯ ಕೂಡಿಸಿದ್ದಾರಲ್ಲ? ಸೈನ್ಯವನ್ನು ಬೆನ್ನಿಗಿಟ್ಟುಕೊಂಡು ಆಡುವ ಮಾತು ಶಾಂತಿಯೋ, ಬೆದರಿಕೆಯೋ?"

ಮನೆಯಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಉದುರಿಹೋಯಿತು. ಬಾಯಿಗೆ ಬಂದದ್ದನ್ನು ಹೇಳಿದೆ. ಹೇಗೋ ಏನೋ, ಜನ ಚಾಕ್ಕೆ ಏಳಲಿಲ್ಲ. ಕಥೆಯಂತೆ ಸಂಧಾನ ಮುರಿಯಿತು, ಭಾಗವತರು ಮಂಗಳ ಹಾಡಿದರು, ಎಲ್ಲರೂ ಗೋಳಿಬಜೆ ತಿಂದು ಮನೆಗೆ ಹೊರಟರು. ಕಾಕ ಸಾಮಾನು ರಿಕ್ಷಾಕ್ಕೆ ಹಾಕುವಾಗ ಮೇಷ್ಟ್ರು ಪಕ್ಕದಲ್ಲಿ ಹತ್ತಿ ಕುಳಿತರು. "ನನಗೂ ಆ ಕಡೆಯೇ. ಉಚ್ಚಿಲ ದಾಟಿದ್ರೆ ಪಡುಬಿದ್ರಿ, ಅಲ್ಲಿಂದ ಕಾರ್ಕಳದ ಬಸ್ಸು ಉಂಟಲ್ಲ." ಅವರು ಯಾವಾಗಲೂ ಎದುರು ದಿಕ್ಕಿನ ಉಡುಪಿಯ ಮೇಲಿಂದಲೇ ಹೋಗುತ್ತಿದ್ದವರು.

ಮುಂದಿನ ವಾರ ಕ್ಯಾಸೆಟ್ ತರಲು ಉಚ್ಚಿಲಕ್ಕೆ ಹೋದೆ. ಜಜ್ಜಿದ ಶಟರ್ ಅರ್ಧಕ್ಕೆ ಸಿಕ್ಕಿಕೊಂಡಿತ್ತು, ಬಗ್ಗಿ ಒಳಹೊಕ್ಕೆ. ಕಾಕ ಟೇಪ್ ಹಾಕಿದರು. ಶಾಂತಿಯೋ, ಬೆದರಿಕೆಯೋ ಎಂದು ಮೇಷ್ಟ್ರು ಕೇಳಿದರು. ಆಮೇಲೆ ಟಕ್ ಎಂದು ನಿಂತಿತು.

"ಅಷ್ಟೇ," ಎಂದರು ಕಾಕ. "ನೀವು ಎಂತ ಹೇಳ್ತೀರಿ ಅಂತ ಕೇಳ್ತಾ ಕೂತೆ ಮಾರಾಯ್ರೆ. ಕ್ಯಾಸೆಟ್ ತಿರುಗಿಸ್ಲಿಕ್ಕೆ ಮರೆತೇ ಹೋಯ್ತು."

"ನಾನು ಎಂತ ಹೇಳಿದೆ ಕಾಕ? ನನಗೂ ನೆನಪಿಲ್ಲ."

ಅವರು ಕ್ಯಾಸೆಟ್ ಹೊರತೆಗೆದು ನನ್ನ ಕೈಗಿಟ್ಟರು.

"ನನಗೂ ಇಲ್ಲ. ಒಳ್ಳೆದಿತ್ತು."