ಅಳಿಸಿದ ಬಾಗಿಲು

ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ ಎದ್ದು ಹೋಗಿ ಕಾಫಿ ಕಾಸುತ್ತಿದ್ದವಳು ನಾನು. ನನ್ನ ಕೆಲಸವೂ ಅಂಥದ್ದೇ, ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವಂಥದ್ದು. ಒಂದು ಕಟ್ಟಡದ ಗೋಡೆ, ಬಾಗಿಲು, ಪೈಪು ಎಲ್ಲವನ್ನೂ ಅಳತೆ ಸಮೇತ ಕಂಪ್ಯೂಟರಿನಲ್ಲಿ ಕಟ್ಟಿ ನಿಲ್ಲಿಸಿ, ಯಾವುದಕ್ಕೆ ಯಾವಾಗ ರಿಪೇರಿ ಬರುತ್ತದೆ, ಎಷ್ಟು ಖರ್ಚಾಗುತ್ತದೆ ಎಂದು ಮಾಲೀಕರಿಗೆ ಮೊದಲೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಕಡೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆದದ್ದನ್ನು ನೀವು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆಯಿಲ್ಲ.

ಆಗ ಆಷಾಢ. ಮದುವೆಗಳಿಲ್ಲದ ತಿಂಗಳಾದ್ದರಿಂದ ಮಂಟಪಗಳ ರಿಪೇರಿ ಲೆಕ್ಕವೆಲ್ಲ ಆಗಲೇ ನಡೆಯುವುದು. ಅಜ್ಜಂಪುರದಿಂದ ಬೆಳಗಿನ ಬಸ್ಸಿಗೆ ಹೋಗಿದ್ದೆ. ಅಲ್ಲಿನ ನೆಲಮಾಳಿಗೆಯಲ್ಲಿ ಪಾತ್ರೆ ಇಡುವ ಕೋಣೆ. ಅದಕ್ಕೆ ಮುಂದೆ ದೊಡ್ಡ ಷಟರು, ಹಿಂದೆ ನೈರುತ್ಯ ಮೂಲೆಯಲ್ಲಿ ಒಂದು ಮರದ ಬಾಗಿಲು. ಮಾಲೀಕರಿಗೆ ಯಾರೋ ವಾಸ್ತು ಹೇಳಿದ್ದರು.

"ಆ ಮೂಲೆ ಬಾಗ್ಲು ಮುಚ್ಚಿಸ್ಬಿಡಾನ ಅಂತಿದೀನಿ. ಅದಿಲ್ದಿದ್ರೆ ಖರ್ಚು ಎಷ್ಟು ಕಮ್ಮಿಯಾಗುತ್ತೆ ನೋಡಿಡಮ್ಮಾ," ಎಂದು ಹೇಳಿ ಅವರು ತರೀಕೆರೆಗೆ ಹೊರಟುಹೋದರು.

ಕೋಣೆಯಲ್ಲಿ ಉಳಿದದ್ದು ನಾನು, ಮತ್ತೆ ಕೊಪ್ಪರಿಗೆ ಉಜ್ಜುತ್ತಿದ್ದ ಕೆಲಸದ ಗಂಗಮ್ಮ. ಆಕೆಗೆ ಉಬ್ಬಸ. ಸೇದುವ ಔಷಧಿಯನ್ನು ಮೇಲಿನ ಅಡುಗೆಮನೆಯಲ್ಲೇ ಬಿಟ್ಟು ಬಂದಿದ್ದಳು. ನಾನು ಬೋರಲು ಹಾಕಿದ್ದ ಹಂಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಲೆಕ್ಕ ನೋಡಲೆಂದು ಪರದೆಯ ಮೇಲೆ ಕಟ್ಟಿಟ್ಟಿದ್ದ ಮಂಟಪದಿಂದ ಆ ಬಾಗಿಲನ್ನು ಅಳಿಸಿದೆ. ಅದಿದ್ದ ಜಾಗ ತಾನಾಗಿಯೇ ಬಿಳಿ ಗೋಡೆಯಾಗಿ ಮುಚ್ಚಿಕೊಂಡಿತು. ಈ ಪ್ರೋಗ್ರಾಮು ಯಾವಾಗಲೂ ಮಾಡುವುದೇ ಹಾಗೆ.

ಸ್ವಲ್ಪ ಹೊತ್ತಿಗೆ ಷಟರು ದಡಾರನೆ ಇಳಿದು ಕಚ್ಚಿಕೊಂಡಿತು. ಇಬ್ಬರೂ ಎತ್ತಿ ನೋಡಿದೆವು, ಬಡಿದೆವು, ಕೂಗಿದೆವು. ಖಾಲಿ ಮಂಟಪದಲ್ಲಿ ಕೇಳುವವರು ಯಾರು? ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ.

"ಬುಡವ್ವಾ, ಹಿಂದ್ಲ ಬಾಗ್ಲಲ್ಲಿ ಹೋಗಾನ," ಎಂದು ಗಂಗಮ್ಮ ಮೂಲೆಗೆ ನಡೆದವಳು ನಿಂತುಬಿಟ್ಟಳು. "ಇಲ್ಲೇ ಇತ್ತಲ್ಲವ್ವಾ! ಬೆಳಿಗ್ಗೆ ನಾನೇ ಚಿಲ್ಕ ತೆಗ್ದಿದ್ದೆ!"

ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಕೋಣೆಯ ಸುತ್ತಲೂ ಟೈಲ್ಸ್. ಆ ಮೂಲೆಯಲ್ಲಿ ಮಾತ್ರ ಬಾಗಿಲಿನಷ್ಟು ಅಗಲಕ್ಕೆ ಬರೀ ಬಿಳಿ ಗೋಡೆ. ಇಬ್ಬರೂ ಅದನ್ನು ಅಂಗೈಯಿಂದ ತಟ್ಟಿದೆವು, ತಳ್ಳಿದೆವು. ಅದು ತಣ್ಣಗಿತ್ತು, ಗಟ್ಟಿಯಾಗಿತ್ತು. ಗಂಗಮ್ಮನ ಉಸಿರು ಸಿಳ್ಳೆ ಹೊಡೆಯತೊಡಗಿತು. ಪಕ್ಕದ ಟೈಲ್ಸ್ ಗೋಡೆಗೆ ಒರಗಿ ಕುಸಿದಳು. ತುಟಿ ಕಪ್ಪಿಟ್ಟಿತು. ನನ್ನ ಕಣ್ಣೆದುರೇ ಈಕೆ ಹೋಗಿಬಿಡುತ್ತಾಳೆ ಅನ್ನಿಸಿತು. ಅಂಥ ಭಯ ನನಗೆ ಮತ್ತೆಂದೂ ಆಗಿಲ್ಲ.

ಆಗ ಯಾಕೆ ಲ್ಯಾಪ್‌ಟಾಪಿನ ಕಡೆ ಓಡಿದೆನೋ ತಿಳಿಯದು. ಮುಳುಗುವವಳಿಗೆ ಹುಲ್ಲುಕಡ್ಡಿಯೇ ಆಸರೆ. ಅಳಿಸಿದ ಬಾಗಿಲನ್ನು ವಾಪಸ್ ತಂದೆ. ಬೆನ್ನ ಹಿಂದೆ ಚಿಲಕ ಅಲುಗಿದ ಸದ್ದು. ತಿರುಗಿದರೆ ಬಾಗಿಲು ಅಲ್ಲೇ ಇತ್ತು, ತುಸು ತೆರೆದುಕೊಂಡು, ಮೆಟ್ಟಿಲ ಕಡೆಯ ಗಾಳಿಗೆ ಆಡುತ್ತಾ. ಗಂಗಮ್ಮನನ್ನು ಎಳೆದುಕೊಂಡೇ ಮೇಲೆ ಹೋದೆ. ಔಷಧಿ ಸೇದಿ ಬದುಕಿಕೊಂಡಳು.

"ಗಾಬ್ರೀಲಿ ಬಾಗ್ಲು ಕಾಣ್ಸಿರಾಕಿಲ್ಲ ಬುಡಮ್ಮಾ," ಎಂದರು ಮಾಲೀಕರು ಸಂಜೆ ಬಂದು. ಇರಬಹುದು. ಆದರೆ ಇಬ್ಬರಿಗೂ ಒಟ್ಟಿಗೇ? ಮೇಲೆ ಬಂದಾಗ ನಮ್ಮಿಬ್ಬರ ಅಂಗೈಗೂ ಸುಣ್ಣ ಮೆತ್ತಿತ್ತು. ಆ ಕೋಣೆಯಲ್ಲಿ ಸುಣ್ಣ ಬಳಿದ ಗೋಡೆಯೇ ಇಲ್ಲ. ಬಾಗಿಲು ಮುಚ್ಚಿಸಿದರೆ ಕೆಲಸ ಬಿಡುತ್ತೇನೆಂದು ಗಂಗಮ್ಮ ಪಟ್ಟು ಹಿಡಿದಳು. ಈಗಲೂ ಅದಕ್ಕೊಂದು ಕಲ್ಲು ಅಡ್ಡ ಇಟ್ಟೇ ಒಳಗೆ ಹೋಗುತ್ತಾಳೆ.

ನಾನೂ ಅದೇ ಕೆಲಸದಲ್ಲಿದ್ದೇನೆ. ಏನಾಯಿತೆಂದು ಇವತ್ತಿಗೂ ಗೊತ್ತಿಲ್ಲ. ಆದರೆ ಯಾವ ಊರಿನ ಕಟ್ಟಡವೇ ಇರಲಿ, ಪರದೆಯ ಮೇಲೆ ಬಾಗಿಲೊಂದನ್ನು ಅಳಿಸುವ ಮುಂಚೆ ಅಲ್ಲಿಗೆ ಫೋನ್ ಮಾಡಿ, "ಒಳಗೆ ಯಾರಾದ್ರೂ ಇದಾರಾ?" ಎಂದು ಕೇಳುತ್ತೇನೆ. ಅವರು ನಗುತ್ತಾರೆ. ನಗಲಿ, ನೋಡಿ ಬಂದು ಇಲ್ಲ ಎನ್ನುವವರೆಗೂ ನಾನು ಕಾಯುತ್ತೇನೆ.