ರಂಗಕ್ಕನ ಎಡಗಾಲು

ಐ.ಡಿ.ಹಳ್ಳಿ ಕಡೆಯ ಗೊಲ್ಲರಹಟ್ಟಿಯಲ್ಲಿ ರಂಗಕ್ಕನ ನಡಿಗೆಯೆಂದರೆ ನಡಿಗೆ. ಮುಂಜಾನೆ ಕುರಿ ಹೊಡೆದುಕೊಂಡು ಗುಡ್ಡದಾಚೆಗೆ ಹೋದರೆ ಹೊತ್ತು ಮುಳುಗುವಾಗಲೇ ವಾಪಸು. ಜೊತೆಗೆ ಹೋದ ಗಂಡಸರು ಏದುಸಿರು ಬಿಡುತ್ತಿದ್ದರು. ತಿಂಗಳಿಗೆ ಮೂರು ದಿನ ಮಾತ್ರ ಅವಳ ಕಾಲಿಗೆ ಬಿಡುವು. ಮುಟ್ಟಾದ ಹೆಂಗಸರು ಹಟ್ಟಿಯ ಹೊರಗಿನ ಹುಲ್ಲಿನ ಗುಡ್ಲಲ್ಲಿ ಕೂರಬೇಕು. ಮಳೆ ಹುಯ್ಯಲಿ, ಹಾವೇ ಬರಲಿ, ಹಟ್ಟಿಯೊಳಗೆ ಕಾಲಿಡುವಂತಿಲ್ಲ.

ಎಪ್ಪತ್ನಾಲ್ಕನೇ ಇಸವಿಯಲ್ಲಿ, ಮೂವತ್ತಮೂರನೇ ವಯಸ್ಸಿಗೆ, ಗೆಡ್ಡೆಯೆಂದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಸಿಕೊಂಡು ಬಂದ ಮೇಲೆ ಆ ಗುಡ್ಲಿನ ಋಣ ಹರಿಯಿತು. ಹೆಂಗಸರಿಗೆಲ್ಲ ಹೊಟ್ಟೆಕಿಚ್ಚು. ರಂಗಕ್ಕನೂ ಬೀಗಿದಳು, ಸುಳ್ಳೇಕೆ ಹೇಳಬೇಕು?

ಹತ್ತು ವರ್ಷ ಕಳೆಯುವಷ್ಟರಲ್ಲಿ ಎಡಗಾಲಿನ ಮೀನಖಂಡ ಹಿಡಿಯತೊಡಗಿತು. ನೂರು ಮಾರು ನಡೆದರೆ ನೋವು, ನಿಂತರೆ ಮಾಯ. ಮಧುಗಿರಿಯ ಡಾಕ್ಟರು ವೆಂಕಟರಾಮಯ್ಯ ಪಾದದ ಮೇಲೆ ನಾಡಿ ಹುಡುಕಿದರು, ಸಿಗಲಿಲ್ಲ. ತೊಡೆಯ ರಕ್ತನಾಳ ಕಟ್ಟಿಕೊಂಡಿದೆ ಎಂದರು.

“ಮೊದಲು ಆ ಕಡ್ಡಿಪುಡಿ, ಹೊಗೆಸೊಪ್ಪು ಬಿಡಮ್ಮ. ನೋವು ಬರೋವರೆಗೆ ನಡಿ, ನಿಲ್ಲು, ಮತ್ತೆ ನಡಿ. ಪಕ್ಕದ ಸಣ್ಣ ನಾಳಗಳು ಬೆಳೆದು ರಕ್ತ ಸಾಗಿಸ್ತವೆ. ಆದರೆ ನಿನಗೆ ನಿಧಾನ. ನಿಮ್ಮ ನಾಯಿ ನಿಮ್ಮ ಸಿಳ್ಳೆಗೆ ಮಾತ್ರ ಏಳುತ್ತಲ್ಲ? ಹಾಗೆ ನಾಳಗಳಲ್ಲೂ ಒಂಥರಾ ಕಿವಿ ಇದೆಯಂತೆ, ಅಂಡಾಶಯದ ರಸ ಕರೆದರೆ ಚುರುಕಾಗ್ತವಂತೆ. ನಿನ್ನಲ್ಲಿ ಈಗ ಕರೆಯೋರೇ ಇಲ್ಲ.”

ಈಗ ಕುರಿ ಹೊಡೆಯುವವನು ಮೈದುನ ಬೋರಣ್ಣ. ಗುಡ್ಡದ ಕಡೆ ಧೂಳೆದ್ದಾಗಲೆಲ್ಲ ರಂಗಕ್ಕನ ಕಣ್ಣು ಅಲ್ಲೇ. ಸಾಯುವ ಮೊದಲು ಒಂದೇ ಒಂದು ಸಲ ಆಚೆಯ ಹುಲ್ಲು ತುಳಿಯಬೇಕೆಂದು ಅವಳ ಜೀವ ಹಂಬಲಿಸುತ್ತಿತ್ತು. ದಿನಾ ನಡೆದಳು, ನಿಂತಳು, ನಡೆದಳು. ಗುಡ್ಡ ಮಾತ್ರ ಹತ್ತಿರ ಬರಲಿಲ್ಲ.

ಹೀಗಿರುವಾಗ ಬೋರಣ್ಣನ ಹೆಂಡತಿ ಪುಟ್ಟಕ್ಕ, ಮುಟ್ಟಾಗಿ ಗುಡ್ಲಲ್ಲಿ ಕೂತವಳು, ಸೋಮವಾರ ತಾನೂ ಆ ಆಪರೇಷನ್ ಮಾಡಿಸಿಕೊಳ್ಳುವುದಾಗಿ ಹೇಳಿಕಳಿಸಿದಳು. ಅವಳ ಒಡಲಲ್ಲಿ ಗೆಡ್ಡೆಯಿಲ್ಲ, ರೋಗವಿಲ್ಲ. ಇನ್ನೂ ಮೂವತ್ತು. ಕೇಳಿದ್ದೇ ರಂಗಕ್ಕ ಎದ್ದು ಹೊರಟಳು. ಗುಡ್ಲು ಮುಟ್ಟುವಷ್ಟರಲ್ಲಿ ನಾಲ್ಕು ಸಲ ನಿಲ್ಲಬೇಕಾಯಿತು.

“ನೀನೇ ಪುಣ್ಯವಂತೆ ಕಣಕ್ಕ,” ಎಂದಳು ಪುಟ್ಟಕ್ಕ. “ನಂಗೂ ಸಾಕಾಗೈತೆ. ತೆಗೆಸ್ಬುಡ್ತೀನಿ.”

“ಪುಣ್ಯ ಅಂತೆ ಪುಣ್ಯ! ನನ್ ಕಾಲ್ ನೋಡೇ. ಆ ಗುಡ್ಡಕ್ಕೆ ಜೀವ ಎಳೀತೈತೆ, ಕಾಲೇ ಒಪ್ಪಲ್ಲ. ನಿಂಗೂ ಇಂಗೇ ಆಗ್ಬೇಕಾ?”

“ಹಂಗಾರೆ ಇನ್ನೂ ಇಪ್ಪತ್ತು ವರ್ಸ ಇಲ್ಲೇ ಬಿದ್ದಿರ್ಲಾ?”

ರಂಗಕ್ಕ ಗುಡ್ಲಿನ ಸೂರಿಗೆ ಕೈ ಹಾಕಿದಳು.

“ಅಯ್ಯೋ ಅಕ್ಕ, ಮುಟ್ಬ್ಯಾಡ, ಮೈಲಿಗೆ!”

ಒಂದು ಹಿಡಿ ಹುಲ್ಲು ಆಗಲೇ ಅವಳ ಕೈಗೆ ಬಂದಿತ್ತು. “ಕೀಳೋದೇ ಆದ್ರೆ ಈ ಗುಡ್ಲನ್ನ ಕೀಳಾನ, ಏಳೇ.”