ಬೆಲ್ಲದ ಕಾಫಿಯ ಚರಟ

ಆಫೀಸಿನಿಂದ ಬಂದು ಚಪ್ಪಲಿ ಕಳಚಿದ ಕೂಡಲೇ ನಾನು ನೋಡುತ್ತಿದ್ದದ್ದು ಬಾಲ್ಕನಿಯ ಮಲ್ಲಿಗೆ ಗಿಡದ ಚಟ್ಟಿಯನ್ನು. ಶಕ್ತಿನಗರದ ಈ ಮೂರನೇ ಮಹಡಿಯ ಮನೆಯಲ್ಲಿ ನನ್ನಿಂದ ಔಷಧಿ, ಊಟ, ಉತ್ತರ ಯಾವುದನ್ನೂ ಕೇಳದೆ ಬದುಕುತ್ತಿದ್ದದ್ದು ಅದೊಂದೇ. ಬೆಳಿಗ್ಗೆ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟವನ್ನು ಹಳೆಯ ಪೇಪರಿನ ಮೇಲೆ ಒಣಗಿಸಿ, ವಾರಕ್ಕೊಮ್ಮೆ ಒಂದು ಹಿಡಿ ಮಣ್ಣಿಗೆ ಬೆರೆಸುತ್ತಿದ್ದೆ. ಹಸಿ ಚರಟ ಸುರಿದರೆ ಮೇಲೆ ಹೆಪ್ಪುಗಟ್ಟಿ ನೀರು ಇಳಿಯುವುದಿಲ್ಲವಂತೆ. ಆಫೀಸಿನಲ್ಲಿ ಯಾರೋ ಹೇಳಿದ್ದರು, ನಾನು ಶ್ರದ್ಧೆಯಿಂದ ಪಾಲಿಸಿದ್ದೆ. ಆಗ ನನ್ನ ಮಾತು ಕೇಳುತ್ತಿದ್ದದ್ದೂ ಆ ಗಿಡವೊಂದೇ.

ಮನೆಯಲ್ಲಿ ಇದ್ದದ್ದು ನಾನು ಮತ್ತು ಅತ್ತೆ. ಗಂಡ ಗಲ್ಫಿನಲ್ಲಿ. ಪ್ರತಿ ಶುಕ್ರವಾರ ಫೋನ್ ಮಾಡಿ "ಅಮ್ಮನ ಶುಗರ್ ಎಷ್ಟುಂಟು?" ಎಂದು ಕೇಳುವುದು ಅವರ ಪಾಲಿನ ಸೇವೆ. ಉಳಿದದ್ದೆಲ್ಲ ನನ್ನದು. ಅತ್ತೆಯ ಎಡಗಾಲಿನ ಕಿರುಬೆರಳಲ್ಲಿ ಒಂದು ಗಾಯವಾಗಿತ್ತು, ಎಷ್ಟು ಮದ್ದು ಹಚ್ಚಿದರೂ ಒಣಗುತ್ತಿರಲಿಲ್ಲ. ಶುಗರ್ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ ದಿನದಿಂದ ನಾನು ಅಡುಗೆಮನೆಗೆ ಪೊಲೀಸಾದೆ. ಅನ್ನ ಅಳೆದು ಬಡಿಸಿದೆ. ಸಕ್ಕರೆ ಮನೆಗೆ ತರುವುದನ್ನೇ ಬಿಟ್ಟೆ. "ಒಲೆ ಹತ್ರ ಬರ್ಬೇಡಿ ಅತ್ತೆ, ಕಾಲು ಊರ್ಬೇಡಿ, ನಾನಿದ್ದೇನಲ್ಲ" ಎಂದೆ. ಬೆಳಿಗ್ಗೆ ಸಪ್ಪೆ ಕಾಫಿ ಮಾಡಿ ಫ್ಲಾಸ್ಕಿನಲ್ಲಿ ಅವರ ಮಂಚದ ಪಕ್ಕ ಇಟ್ಟು ಬಸ್ಸಿಗೆ ಓಡುತ್ತಿದ್ದೆ. ಸಂಜೆ ಬಂದರೆ ಫ್ಲಾಸ್ಕು ಖಾಲಿ ಇರುತ್ತಿತ್ತು, ನನಗೆ ಸಮಾಧಾನ. ರಾತ್ರಿ ಗಾಯ ತೊಳೆದು ಬಟ್ಟೆ ಕಟ್ಟಿ ಏಳುವಾಗ ಸೊಂಟ ಹಿಡಿದುಕೊಳ್ಳುತ್ತಿತ್ತು. ಇಷ್ಟಾದರೂ ಶುಗರ್ ಇಳಿಯಲಿಲ್ಲ.

ಆ ಹೊತ್ತಿಗೇ ಮಲ್ಲಿಗೆಗೂ ಗ್ರಹಚಾರ ಹಿಡಿಯಿತು. ಚಟ್ಟಿಯ ಸುತ್ತ ಇರುವೆ, ದಂಟಿನ ಮೇಲೆ ಇರುವೆ, ಚಿಗುರಿನ ಸಂದಿಯಲ್ಲೆಲ್ಲ ಬಿಳಿ ಹಿಟ್ಟಿನಂಥ ಹುಳ. ಮೊಗ್ಗು ಕಪ್ಪಾಗಿ ಉದುರತೊಡಗಿತು. ಬೇವಿನೆಣ್ಣೆ ಸಿಂಪಡಿಸಿದೆ, ಅರಿಶಿನ ಹಾಕಿದೆ. ಹಾಳಾದ ಚರಟದ್ದೇ ಕೆಲಸ ಎಂದು ಉಪಾಯ ಹೇಳಿದವರಿಗೆ ಮನಸ್ಸಿನಲ್ಲೇ ಶಾಪ ಹಾಕಿ, ಚರಟ ಹಾಕುವುದನ್ನೇ ನಿಲ್ಲಿಸಿದೆ. ಇರುವೆ ಮಾತ್ರ ಹೋಗಲಿಲ್ಲ.

ಒಂದು ಭಾನುವಾರ ಮಣ್ಣನ್ನೇ ಬದಲಿಸೋಣ ಎಂದು ಚಟ್ಟಿ ಕೆದಕಿದೆ. ಮೇಲಿನ ಮಣ್ಣಿನಡಿಯಲ್ಲಿ ಕಪ್ಪು ಮುದ್ದೆಗಳು ಸಿಕ್ಕಿದವು. ಬಟ್ಟೆಯಲ್ಲಿ ಹಿಂಡಿದ ಗುರುತು ಇನ್ನೂ ಇತ್ತು. ಕೈಗೆ ಅಂಟಿತು. ಮೂಸಿ ನೋಡಿದೆ. ಬೆಲ್ಲ!

ನಮ್ಮ ಕಡೆಯ ಹಳಬರ ಕಾಫಿ ಹಾಗೆ. ನೀರಿಗೆ ಬೆಲ್ಲ ಹಾಕಿ ಕುದಿಸಿ, ಅದಕ್ಕೇ ಪುಡಿ ಹಾಕಿ, ಬಟ್ಟೆಯಲ್ಲಿ ಸೋಸುವುದು. ಚರಟಕ್ಕೂ ಬೆಲ್ಲದ ಪಾಲು ಹೋಗುತ್ತದೆ. ನನ್ನ ಫಿಲ್ಟರಿನ ಚರಟಕ್ಕೆ ಇರುವೆ ಯಾಕೆ ಬರುತ್ತದೆ? ಸಾರಿಗೆಂದು ಇಟ್ಟಿದ್ದ ಬೆಲ್ಲದ ಡಬ್ಬಿ ತೆಗೆದು ನೋಡಿದೆ, ತಳ ಕಾಣುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿತ್ತು.

ಮುದ್ದೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಅತ್ತೆಯ ಎದುರು ನಿಂತೆ. "ಇದು ಎಂತ ಅತ್ತೆ?"

ಅತ್ತೆ ನೋಡಿದರು, ಮುಖ ತಿರುಗಿಸಿದರು. "ಚರಟ. ನೀನೂ ಹಾಕ್ತಿ ಅಲ್ವಾ ಗಿಡಕ್ಕೆ?"

"ನಾನು ಮಾಡಿಟ್ಟ ಕಾಫಿ?"

"ಅದನ್ನು ಸಿಂಕಿಗೆ ಚೆಲ್ತೇನೆ. ಅದು ಕಾಫಿಯಾ ಮಾರಾಯ್ತಿ? ಪಾತ್ರೆ ತೊಳೆದ ನೀರು!"

ನನ್ನ ತಲೆ ಕೆಟ್ಟಿತು. ಬಾಯಿಗೆ ಬಂದದ್ದೆಲ್ಲ ಆಡಿದೆ. "ಬೆರಳು ಕಡಿದು ಹಾಕಿದ ಮೇಲೆ ಬುದ್ಧಿ ಬರ್ತದಾ ನಿಮಗೆ? ಯಾರಿಗಾಗಿ ನಾನು ಸಾಯ್ತಾ ಇದ್ದೇನೆ ಇಲ್ಲಿ?" ಎಂದು ಕೂಗುವಾಗ ನನಗೇ ಅಳು ಬಂತು.

ಅತ್ತೆ ಅಳಲಿಲ್ಲ. "ನೀನು ಹೋದ ಮೇಲೆ ಸಂಜೆವರೆಗೆ ಗೋಡೆ ನೋಡೋದು ಬಿಟ್ರೆ ನನಗೆ ಎಂತ ಉಂಟು ಹೇಳು?" ಎಂದರು. "ಹದಿನಾರನೇ ವಯಸ್ಸಿಂದ ಮನೆ ತುಂಬ ಜನಕ್ಕೆ ಕಾಫಿ ಮಾಡಿದ ಕೈ ಇದು. ಅದನ್ನೂ ಬೇಡ ಅಂದಿ. ಮಧ್ಯಾಹ್ನ ಒಲೆ ಹೊತ್ತಿಸಿದ್ರೆ ಮನೆಯಲ್ಲಿ ನಾನೂ ಒಬ್ಳು ಇದ್ದೇನೆ ಅಂತ ಆಗ್ತದೆ."

ಜಗಳ ಮುಂದುವರಿಸಲು ನನ್ನಲ್ಲಿ ಶಕ್ತಿ ಇರಲಿಲ್ಲ. ಕೈ ತೊಳೆದು ಬಂದು ಅವರ ಮಂಚದ ಮೇಲೇ ಕುಳಿತೆ. "ಸರಿ, ನೀವೇ ಮಾಡಿ. ಎರಡು ಹೊತ್ತಿನದ್ದೂ. ಕುರ್ಚಿ ಮೇಲೆ ಕೂತು ಮಾಡಿ. ನೀವು ಕುಡಿಯೋದಕ್ಕೆ ಬೆಲ್ಲ ಬೇಡ, ಅಷ್ಟೇ" ಎಂದೆ. ಮರುದಿನ ಬೆಳಿಗ್ಗೆ ನಾನು ಏಳುವಾಗ ಅಡುಗೆಮನೆಯಲ್ಲಿ ಕುರ್ಚಿ ಎಳೆದ ಸದ್ದು ಕೇಳಿತು.

ಆಮೇಲೆ ಚಟ್ಟಿಯೇ ನನಗೆ ಲ್ಯಾಬ್ ಆಯಿತು. ಮಣ್ಣು ಹೊಸದು, ಚರಟ ಅತ್ತೆಯದು. ದಿನಾ ಸಂಜೆ ಬಗ್ಗಿ ನೋಡುತ್ತಿದ್ದೆ. ಇರುವೆ ಇಲ್ಲ. ಶುಗರ್ ನಿಧಾನಕ್ಕೆ ಇಳಿಯಿತು, ಗಾಯದ ಅಂಚು ಒಣಗಿತು. ಬೆರಳು ಉಳಿಯಬಹುದು ಎಂದು ಡಾಕ್ಟರು ಹೇಳಿದರು.

ಅದಾದ ಒಂದೆರಡು ವಾರಕ್ಕೆ, ಆಫೀಸಿನಲ್ಲಿ ಲೆಕ್ಕ ಮುಗಿಸಿ, ಸೆಖೆಯಲ್ಲಿ ಬೆಂದು, ಬಸ್ಸಿನಲ್ಲಿ ನಿಂತೇ ಬಂದ ಒಂದು ಸಂಜೆ ಬಾಲ್ಕನಿಗೆ ಹೋದರೆ ಚಟ್ಟಿಯ ಅಂಚಿನಲ್ಲಿ ಇರುವೆಯ ಸಾಲು. ಎಲ್ಲ ಹೊಳೆಯಲ್ಲಿ ಹುಣಸೆ ತೊಳೆದ ಹಾಗಾಯಿತಲ್ಲ! ಬೈಯುವುದಕ್ಕೂ ಬೇಸರವಾಯಿತು.

"ಅತ್ತೆ, ಇರುವೆ ಬಂದುಂಟು" ಎಂದೆ, ಅಷ್ಟೇ.

"ಬರ್ಲಿ. ಅದು ನಿನ್ನದು."

"ನನ್ನದು ಎಂತ?"

ಅತ್ತೆ ಮಂಚದ ಪಕ್ಕದ ಫ್ಲಾಸ್ಕನ್ನು ನನ್ನ ಕಡೆ ತಳ್ಳಿದರು. "ನಿನಗೆ ಶುಗರ್ ಇಲ್ವಲ್ಲ. ದಿನಾ ಬಚ್ಚಿ, ಸುಸ್ತಾಗಿ ಬರ್ತಿ. ಬೆಲ್ಲ ಹಾಕಿದ್ದೇನೆ, ಬಿಸಿ ಇರುವಾಗ ಕುಡಿ."

ಮುಚ್ಚಳ ತೆಗೆದೆ. ಬೆಲ್ಲದ ಹಬೆ ಮುಖಕ್ಕೆ ಬಡಿಯಿತು. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ನನಗೆಂದೇ ಯಾರೂ ಕಾಫಿ ಮಾಡಿಟ್ಟಿರಲಿಲ್ಲ. ಚಪ್ಪಲಿಯನ್ನೂ ಕಳಚದೆ ಅತ್ತೆಯ ಪಕ್ಕ ಕುಳಿತು ಅಷ್ಟನ್ನೂ ಕುಡಿದೆ.